ಚೂಡಾಮಣಿಯವರ ನಲವತ್ತೊಂದು ಪರೀಕ್ಷೆಗಳು

ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ದಿನ ಬರುತ್ತದೆ. ಸೂರ್ಯ ಹುಟ್ಟುವಾಗ ಬಂದ ಶಕ್ತಿ ಸೂರ್ಯ ಮುಳುಗುವಾಗ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಯಾವ ದಿನ ಬೇಕಾದರೂ ಬರಬಹುದು. ಹಿಂದಿನ ರಾತ್ರಿ ಊರಿನ ನಾಲ್ಕು ಗಡಿಕಲ್ಲುಗಳ ಒಳಗೆ ಮಲಗಿರಬೇಕು, ಅಷ್ಟೇ. ಊರು ಬಿಟ್ಟವರಿಗೆ ಹೊರಗೆ ದಿನ ಬಂದ ಒಂದು ದಾಖಲೆಯೂ ಇಲ್ಲ. ಅವರು ಹಬ್ಬಕ್ಕೆಂದು ಬಂದು ನಾಲ್ಕು ರಾತ್ರಿ ಮಲಗಿ ನೋಡುತ್ತಾರೆ. ಆಗಲೂ ಬಂದದ್ದಿಲ್ಲ.

ಇಪ್ಪತ್ತಾರು ವರ್ಷಗಳಿಂದ ನಾನು ಊರಿನ ಏಕೈಕ ದಿನಪತ್ರಿಕೆಯಲ್ಲಿ ‘ನಿನ್ನೆಯ ದಿನ’ ಎಂಬ ಅಂಕಣ ಬರೆಯುತ್ತಿದ್ದೇನೆ. ನಿನ್ನೆ ಯಾರ ದಿನವಾಯಿತು, ಏನು ಶಕ್ತಿ, ಅವರು ಏನು ಮಾಡಿದರು ಎಂಬುದು ಮೂರು ನಾಲ್ಕು ಸಾಲಿನಲ್ಲಿ ಬರಬೇಕು. ಅಂಕಣಕ್ಕೆ ನನ್ನ ಹಿಂದಿನವರು ಹಾಕಿಕೊಟ್ಟ ನಿಯಮ ಒಂದೇ: ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು. ದಿನ ಯಾರದೋ ಅವರ ಮಾತು ಸಾಕ್ಷಿಯಲ್ಲ. ‘ಅಂತೆ’ ಎನ್ನುವ ಪದ ಅಂಕಣದಲ್ಲಿ ಒಮ್ಮೆಯೂ ಬಂದಿಲ್ಲ.

ಶಕ್ತಿ ಎಂದ ಕೂಡಲೇ ಹೊರಗಿನವರು ದೊಡ್ಡದೇನನ್ನೋ ಊಹಿಸುತ್ತಾರೆ. ನಾಡಕಚೇರಿಯ ಗುಮಾಸ್ತ ನಿಂಗೋಜಿ ಒಂದಿಡೀ ದಿನ ಯಾರ ಕಣ್ಣಿಗೂ ಕಾಣದಂತಾಗಿದ್ದ. ಎಂದಿನಂತೆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬಿತ್ತು. ಹಿಟ್ಟಿನ ಗಿರಣಿಯ ರತ್ನವ್ವನಿಗೆ ತನ್ನಂಥವಳೇ ಇನ್ನೊಬ್ಬಳು ಸಿಕ್ಕಳು. ಒಬ್ಬಳು ಗಿರಣಿ ನಡೆಸಿದಳು, ಒಬ್ಬಳು ಮಲಗಿದಳು. ಸಂಜೆ, ಮಲಗಿದ್ದು ಯಾರು ಎಂದು ಇಬ್ಬರಿಗೂ ಜಗಳವಾಯಿತು. ನನ್ನ ದಿನ ಬಂದದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಎಚ್ಚರವಾದಾಗ ಮೈಯಲ್ಲಿ ತೂಕವೇ ಇಲ್ಲದೆ ಮಾಳಿಗೆಯ ಜಂತಿಗೆ ಬೆನ್ನು ತಾಗಿಸಿಕೊಂಡಿದ್ದೆ. ಕೊಕ್ಕೆ ಹಾಕಿ ಎಳೆದು ಇಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇಬ್ಬರು ಸಾಕ್ಷಿಗಳಿದ್ದಾರೆ.

ದಿನ ಬಂದದ್ದು ಗೊತ್ತಾಗದೆ ಹೋಗಬಾರದೆಂದು ಊರಿನವರು ಬೆಳಿಗ್ಗೆ ಎದ್ದೊಡನೆ ಒಂದಿಷ್ಟು ಪರೀಕ್ಷೆ ಮಾಡಿಕೊಳ್ಳುತ್ತಾರೆ. ಮಂಚದ ಕಾಲು ಎತ್ತಿ ನೋಡುವುದು, ಮಣೆಯಿಂದ ನೆಗೆಯುವುದು, ದೀಪದ ಮೇಲೆ ಅಂಗೈ ಹಿಡಿಯುವುದು, ಗೋಡೆಯನ್ನು ದಿಟ್ಟಿಸುವುದು. ಒಟ್ಟು ಒಂಬತ್ತು. ಹಲ್ಲುಜ್ಜುವುದರ ಜೊತೆಗೆ ಇದನ್ನೂ ಮಕ್ಕಳಿಗೆ ಕಲಿಸುತ್ತಾರೆ. ಚೂಡಾಮಣಿಯವರು ಮಾತ್ರ ನಲವತ್ತೊಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಅವರಿಗೆ ಐವತ್ತೇಳು ವರ್ಷ. ಬಸ್ ನಿಲ್ದಾಣದ ಎದುರಿನ ಒಂಟಿ ಕೋಣೆಯಲ್ಲಿ ಕಾಮಿಕ್ಸ್ ವಾಚನಾಲಯ ನಡೆಸುತ್ತಿದ್ದರು. ನಮ್ಮೂರಿನಲ್ಲಿ ಕಾಮಿಕ್ಸ್ ಮಕ್ಕಳ ಓದಲ್ಲ. ನಾಳೆ ಬೆಳಿಗ್ಗೆ ಎದ್ದಾಗ ರೆಕ್ಕೆ ಇದ್ದರೆ ಏನು ಮಾಡಬೇಕು ಎಂದು ತಿಳಿಯಲು ಇರುವ ಪುಸ್ತಕ ಅದೊಂದೇ. ವಕೀಲರು, ಸೂಲಗಿತ್ತಿಯರು, ಬ್ಯಾಂಕಿನವರು ಎಲ್ಲರೂ ಓದುತ್ತಾರೆ. ಪ್ರತಿ ಪುಸ್ತಕದ ರಕ್ಷಾಪುಟದ ಒಳಗೆ ಚೂಡಾಮಣಿಯವರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಕಥೆಗಿಂತ ಮೊದಲು ಚೀಟಿ ಓದುವವರೇ ಹೆಚ್ಚು.

‘ಕೆಂಡಗರುಡ’ ಸರಣಿಯ ಏಳನೇ ಸಂಚಿಕೆಯ ಚೀಟಿ ಹೀಗಿದೆ: “ಮೂರನೇ ಸಂಚಿಕೆಯಲ್ಲಿ ಎತ್ತಲಾಗದ ರೈಲನ್ನು ಇಲ್ಲಿ ಎತ್ತಿದ್ದಾನೆ. ನಡುವೆ ಏನು ತಿಂದ?” ಹನ್ನೊಂದನೆಯದರಲ್ಲಿ: “ಕಣ್ಣಿನ ಸುತ್ತ ಮಾತ್ರ ಮುಖವಾಡ ಹಾಕಿಕೊಂಡವನನ್ನು ಮದುವೆಯಾಗಲಿರುವ ಹುಡುಗಿಯೇ ಗುರುತಿಸಲಿಲ್ಲ. ಅವಳಿಗೆ ಪ್ರೀತಿಗಿಂತ ಮೊದಲು ಕನ್ನಡಕ ಬೇಕು.” ಹದಿನಾಲ್ಕರಲ್ಲಿ ನಾಯಕ ಸತ್ತು ಹದಿನೈದರಲ್ಲಿ ಎದ್ದು ಬರುತ್ತಾನೆ. “ಸಾವಿಗೆ ಮರ್ಯಾದೆ ಕೊಡದ ಕಥೆಗೆ ನಾನೂ ಕೊಡುವುದಿಲ್ಲ” ಎಂದು ಬರೆದು, ಆ ಸಂಚಿಕೆಯನ್ನು ಕೆಳಗಿನ ಗೂಡಿಗೆ ಇಳಿಸಿದ್ದರು.

ಸಿನಿಮಾಗಳ ಬಗ್ಗೆ ಅವರದು ಇನ್ನೂ ಕಟುವಾದ ಮಾತು. ಒಮ್ಮೆ ಟಾಕೀಸಿನಿಂದ ಹೊರಬರುವಾಗ ಸಿಕ್ಕಿದ್ದರು. ಹೇಗಿತ್ತು ಎಂದು ಕೇಳಿದೆ.

“ಕೊನೆಯ ಮುಕ್ಕಾಲು ಗಂಟೆ ಊರೆಲ್ಲ ಬೀಳ್ತದೆ. ಬಿದ್ದ ಸೇತುವೆ ಮೇಲೆ ಮರುದಿನ ಹಾಲಿನ ಗಾಡಿ ಹೇಗೆ ಬಂತು ಅಂತ ಒಬ್ಬನೂ ತೋರ್ಸಲ್ಲ. ಖಳನಾಯಕನ್ನ ಕೊಲ್ಲೋ ಧೈರ್ಯ ಇಲ್ಲ, ಬಿಡೋ ಧೈರ್ಯವೂ ಇಲ್ಲ. ಅದಕ್ಕೆ ಅವನೇ ಕಾಲು ಜಾರಿ ಬೀಳ್ತಾನೆ. ಪ್ರತಿ ಸಲ. ಅವರ ಊರಲ್ಲಿ ಖಳರಿಗೆಲ್ಲ ಚಪ್ಪಲಿ ಸರಿ ಇಲ್ಲ ಅಂತ ಕಾಣ್ತದೆ.”

“ಕಾರ್ಟೂನ್ ಪರವಾಗಿಲ್ವ?”

“ಕಾರ್ಟೂನಿನಲ್ಲಿ ಬಿದ್ದವನಿಗೆ ತೂಕ ಇರ್ತದೆ ರೀ. ಯಾರೋ ಕೂತು ಕೈಯಲ್ಲಿ ಬರೆದಿರ್ತಾರೆ. ಬೀಳಿಸೋಕೆ ಅವರಿಗೂ ಕಷ್ಟ ಆಗಿರ್ತದೆ.”

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಂಗಳವಾರ, ಅವರು ಆಟೋದಲ್ಲಿ ನಮ್ಮ ಕಚೇರಿಗೆ ಬಂದರು. ಜೊತೆಗೆ ಎರಡು ಗೋಣಿಚೀಲ. ಒಳಗೆ ಮೂವತ್ತೊಂಬತ್ತು ನೋಟ್ ಬುಕ್ಕುಗಳು, ವರ್ಷಕ್ಕೊಂದು.

“ಪೇಪರಿನವರೇ, ನನ್ನ ದಿನ ಆಗಿಹೋಗಿದೆಯಾ ಅಂತ ಹುಡುಕಿಕೊಡಿ” ಎಂದರು.

“ಆಗಿದ್ದರೆ ನಿಮಗೆ ಗೊತ್ತಾಗ್ತಿರಲಿಲ್ವ?”

“ಗೊತ್ತಾಗದೆ ಹೋಗಲಿಕ್ಕೆ ನಾನೇನು ದಡ್ಡಿಯಲ್ಲ. ಆದರೂ ಐವತ್ತೇಳಾಯ್ತು. ಈ ಊರಲ್ಲಿ ಐವತ್ತರ ಮೇಲೆ ದಿನ ಬಂದವರು ಎಷ್ಟು ಜನ?”

ನನ್ನ ಬಳಿ ಲೆಕ್ಕವಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಹನ್ನೆರಡು ಜನ. ಬಾರದೆಯೇ ಸತ್ತವರೂ ಇದ್ದಾರೆ. ಅವರಿಗೆ ಬರಲೇ ಇಲ್ಲವೋ, ಬಂದದ್ದು ತಿಳಿಯಲಿಲ್ಲವೋ ಎಂಬುದು ಊರಿನ ಹಳೆಯ ವಾದ.

ಅವರು ಚೀಲದಿಂದ ಒಂದು ಪತ್ರ ತೆಗೆದು ಮೇಜಿನ ಮೇಲಿಟ್ಟರು. ದೂರದ ದೊಡ್ಡ ನಗರವೊಂದರ ಕಾರ್ಟೂನ್ ತಯಾರಿಸುವ ಸಂಸ್ಥೆಯದು. ಅವರ ಸರಣಿಗಳಲ್ಲಿನ ತಪ್ಪು ತೋರಿಸಿ ಚೂಡಾಮಣಿಯವರು ಹನ್ನೆರಡು ವರ್ಷಗಳಲ್ಲಿ ನೂರ ಎಂಟು ಪತ್ರ ಬರೆದಿದ್ದರು. ಕೊನೆಗೆ ಸಂಸ್ಥೆಯವರೇ ಸೋತು, ‘ಕಥೆ ಚಿತ್ರವಾಗುವ ಮೊದಲೇ ನಮ್ಮಲ್ಲಿ ಕೂತು ತಪ್ಪು ಹಿಡಿಯಲು ಬನ್ನಿ, ಬರುವ ಸೋಮವಾರದಿಂದ ಸೇರಬಹುದೇ’ ಎಂದು ಕೇಳಿದ್ದರು. ಪತ್ರದ ಮಡಿಕೆಗಳು ಆಗಲೇ ಸವೆದಿದ್ದವು.

“ಈ ಕೆಲಸಕ್ಕೆ ನನ್ನ ಬಿಟ್ಟರೆ ಜನ ಇಲ್ಲ” ಎಂದರು. ಜಂಬವಿರಲಿಲ್ಲ. “ಹೋಗಬೇಕು. ಆದರೆ ನಾನು ಹೋದ ಮರುದಿನವೇ ನನ್ನ ದಿನ ಬರೋದಿದ್ದರೆ? ಮೂವತ್ತೊಂಬತ್ತು ವರ್ಷ ಒಂದು ರಾತ್ರಿಯೂ ಗಡಿಕಲ್ಲು ದಾಟಿ ಮಲಗಿಲ್ಲ. ತಂಗಿ ಮದುವೆಗೂ ಬೆಳಿಗ್ಗೆ ಹೋಗಿ ಸಂಜೆ ಬಂದವಳು. ಆಗಿಹೋಗಿದೆ ಅಂತ ಗೊತ್ತಾದರೆ ನಾಳೆಯೇ ಹೊರಡ್ತೇನೆ. ಆಗಿಲ್ಲ ಅಂದರೆ ಇಲ್ಲೇ ಇರ್ತೇನೆ. ನಿಮ್ಮ ಹತ್ತಿರ ಬಂದದ್ದು ಯಾಕೆ ಅಂದರೆ, ನೀವು ನನ್ನ ಸಮಾಧಾನಕ್ಕೆ ಸುಳ್ಳು ಹೇಳಲ್ಲ.”

ಎರಡು ದಿನ ಹಗಲೂ ರಾತ್ರಿ ಆ ನೋಟ್ ಬುಕ್ಕುಗಳನ್ನು ಓದಿದೆ. ಪ್ರತಿ ದಿನಕ್ಕೂ ಒಂದು ಸಾಲು: “41ರಲ್ಲಿ 41 ಇಲ್ಲ”, ಅಂದರೆ ಯಾವ ಪರೀಕ್ಷೆಗೂ ಫಲವಿಲ್ಲ. ಅದರ ಕೆಳಗೆ ಆ ದಿನ ಓದಿದ್ದು, ನೋಡಿದ್ದು, ಬೈದದ್ದು. ಪರೀಕ್ಷೆಗಳ ಪಟ್ಟಿ ಮೊದಲ ಪುಸ್ತಕದ ಹಿಂದಿತ್ತು. ನಾಣ್ಯ ಬಗ್ಗಿಸುವುದು, ನೀರನ್ನು ಹೆಪ್ಪುಗಟ್ಟಿಸುವುದು, ಬಾಗಿಲ ಹಿಂದಿನ ಮಾತು ಕೇಳುವುದು, ಇರುವೆಗಳಿಗೆ ಅಪ್ಪಣೆ ಕೊಡುವುದು. ಕಾಮಿಕ್ಸಿನಲ್ಲಿ ಕಂಡ ಶಕ್ತಿಗಳನ್ನೆಲ್ಲ ಅವರು ಕ್ರಮವಾಗಿ ಸೇರಿಸಿದ್ದರು. ಪಟ್ಟಿಯನ್ನು ಮೂರನೇ ಸಲ ಓದುವಾಗ ನನಗೆ ಒಂದು ಸಂಗತಿ ಕಂಡಿತು. ನಲವತ್ತೊಂದು ಪರೀಕ್ಷೆಗಳಲ್ಲಿ ಒಂದಕ್ಕೂ ಇನ್ನೊಬ್ಬ ಮನುಷ್ಯ ಬೇಕಾಗಿರಲಿಲ್ಲ. ಊರಿನ ಒಂಬತ್ತರಲ್ಲೂ ಹಾಗೆಯೇ. ಎದ್ದೊಡನೆ, ಬಾಗಿಲು ತೆರೆಯುವ ಮೊದಲೇ ನಾವು ಪರೀಕ್ಷೆ ಮುಗಿಸಿರುತ್ತೇವೆ. ಎದುರಿಗೆ ಮತ್ತೊಬ್ಬರು ಇದ್ದಾಗ ಮಾತ್ರ ಕೆಲಸ ಮಾಡುವ ಶಕ್ತಿಯೊಂದು ಬಂದರೆ ಅದನ್ನು ನಾವು ಹಿಡಿಯಲಾರೆವು. ಇಷ್ಟು ವರ್ಷ ಅಂಕಣ ಬರೆದ ನನಗೂ ಇದು ಹೊಳೆದಿರಲಿಲ್ಲ.

ಮತ್ತೆ ಮೊದಲಿನಿಂದ, ಈ ಸಲ ಬೇರೆಯವರ ಹೆಸರು ಬಂದ ಸಾಲುಗಳನ್ನಷ್ಟೇ ಓದಿದೆ. ಮೂವತ್ತಮೂರು ವರ್ಷ ಹಿಂದಿನ ಒಂದು ಗುರುವಾರದ ಬರಹ ಇದು: “41ರಲ್ಲಿ 41 ಇಲ್ಲ. ನಾಲ್ಕು ಗಂಟೆಗೆ ಆಸ್ಪತ್ರೆಗೆ ಪುಸ್ತಕ ಕೊಡಲು ಹೋಗಿದ್ದೆ. ಕಾಲು ಮುರಿದ ಬಸ್ ಡ್ರೈವರ್ ಒಬ್ಬ ಕೈ ಹಿಡಿದುಕೊಂಡ, ಬಿಡಲಿಲ್ಲ. ‘ಮಿಂಚುಮಾರ’ ಓದಿ ಹೇಳಿದೆ. ಮೂಳೆ ಕೂರಿಸುವಾಗಲೂ ಅಳಲಿಲ್ಲ, ಕಥೆ ಕೇಳಿದ. ಆದರೆ ಪುಟ ತಾನೇ ತಿರುವುತ್ತಾನೆ, ನನಗೆ ಮುಟ್ಟಗೊಡಲಿಲ್ಲ. ಅವಸರದ ಮನುಷ್ಯ.”

ಮೂಳೆ ಕೂರಿಸುವಾಗಲೂ ಅಳಲಿಲ್ಲ. ಕಚೇರಿಯ ಹಳೆಯ ಸಂಚಿಕೆಗಳನ್ನು ತೆಗೆಸಿದೆ. ಆ ವಾರದ ಶುಕ್ರವಾರದ ಮುಖಪುಟದಲ್ಲಿ ಬಸ್ಸು ಚರಂಡಿಗೆ ಉರುಳಿದ ಸುದ್ದಿ ಇತ್ತು. ಚಾಲಕನ ಹೆಸರು ದೇವೇಂದ್ರಪ್ಪ. ಎರಡನೇ ಪುಟದಲ್ಲಿ ಚಿಕ್ಕದೊಂದು ಸುದ್ದಿ: ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್ ಮುಗಿದು ಮೂರು ದಿನವಾಗಿದೆ, ರೋಗಿಗಳು ಪರದಾಡುತ್ತಿದ್ದಾರೆ.

ದೇವೇಂದ್ರಪ್ಪನವರು ಈಗ ಎಪ್ಪತ್ತೊಂದರ ಮುದುಕ, ಕೆರೆಯಾಚೆ ಮಗಳ ಮನೆಯಲ್ಲಿದ್ದಾರೆ. ಅವರ ದಿನದ ಬಗ್ಗೆ ನಾನೇ ಬರೆದಿದ್ದೆ. ನೀರಿನ ಮೇಲೆ ನಡೆಯುವ ಶಕ್ತಿ ಬಂದಿತ್ತು. ಸೇತುವೆ ಬಳಸದೆ ಕೆರೆಯ ಮೇಲೇ ನಡೆದು ಈ ದಡಕ್ಕೆ ಬಂದು, ಚಹಾ ಕುಡಿದು, ಹಾಗೆಯೇ ವಾಪಸು ಹೋಗಿದ್ದರು. ಆ ಗುರುವಾರದ ಬಗ್ಗೆ ಕೇಳಿದೆ.

“ಒಬ್ಬಳು ಹುಡುಗಿ ಕೈ ಹಿಡ್ಕೊಂಡು ಪುಸ್ತಕ ಓದಿದಳು ಸ್ವಾಮಿ. ಅವಳ ಕೈ ಹಿಡಿದಿರೋ ತನಕ ನನಗೆ ಕಾಲು ಇದೆ ಅನ್ನೋದೇ ಗೊತ್ತಾಗಲಿಲ್ಲ. ಸಂಜೆ ಗಂಟೆ ಹೊಡೆದಾಗ ಅವಳು ಎದ್ದು ಹೋದಳು ನೋಡಿ, ಆಮೇಲೆ ಆಸ್ಪತ್ರೆ ಹೆಂಚು ಹಾರೋ ಹಾಗೆ ಕಿರುಚಿದೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ದರು? ಒಳ್ಳೆಯವರು ಕೈ ಹಿಡಿದರೆ ನೋವು ತಿಳಿಯಲ್ಲ, ಅದು ಲೋಕರೂಢಿ ಅಂದುಕೊಂಡಿದ್ದೆ.”

ಒಬ್ಬ ಸಾಕ್ಷಿ ಸಿಕ್ಕಂತಾಯಿತು. ಎರಡನೆಯವರಾಗಬಹುದಾಗಿದ್ದವರು ಅಂದು ಪಾಳಿಯಲ್ಲಿದ್ದ ದಾದಿ ರಜಿಯಾಬಿ. ಅವರ ನೆನಪು ಚೊಕ್ಕವಾಗಿತ್ತು, ಪ್ರಾಮಾಣಿಕವಾಗಿಯೂ ಇತ್ತು. “ಅವನು ಕೂಗಲಿಲ್ಲ, ಅದು ಹೌದು. ಆದರೆ ಡ್ರೈವರುಗಳು ಗಟ್ಟಿ ಜನ. ನೋವೇ ಇರಲಿಲ್ಲ ಅಂತ ನಾನು ಹೇಗೆ ಹೇಳಲಿ? ಆ ಕಾಲು ನನ್ನದಲ್ಲ” ಎಂದರು. ಈಗಿನ ವೈದ್ಯರನ್ನೂ ಕೇಳಿದೆ. ಭಾರಿ ಪೆಟ್ಟಾದಾಗ ಮೈ ಜೋಮು ಹಿಡಿದು ಒಂದಿಷ್ಟು ಹೊತ್ತು ನೋವು ತಿಳಿಯದೆ ಇರುವುದುಂಟು ಎಂದರು. ನಾಲ್ಕರಿಂದ ಆರರ ತನಕ, ಎರಡು ಗಂಟೆ ಹೊತ್ತು? ಅಪರೂಪ, ಆದರೆ ಆಗುವುದೇ ಇಲ್ಲ ಎನ್ನಲಾರೆ ಎಂದರು. ಆ ದಿನದ ಪಂಚಾಂಗವನ್ನೂ ನೋಡಿದೆ. ಸೂರ್ಯಾಸ್ತ ಆರು ಗಂಟೆ ಮೂರು ನಿಮಿಷಕ್ಕೆ. ಆಸ್ಪತ್ರೆಯಿಂದ ಹೊರಗಿನವರು ಹೋಗಬೇಕಾದ ಗಂಟೆ ಬಾರಿಸುತ್ತಿದ್ದದ್ದು ಆರಕ್ಕೆ. ಕೈ ಬಿಟ್ಟದ್ದರಿಂದ ನೋವು ಬಂತೋ, ದಿನ ಮುಗಿದದ್ದರಿಂದ ಬಂತೋ, ಜೋಮು ಇಳಿದದ್ದರಿಂದ ಬಂತೋ ಬಿಡಿಸಿ ಹೇಳಲು ಮೂರು ನಿಮಿಷದ ಅಂತರ ಸಾಲದು.

ಶನಿವಾರ ಬೆಳಿಗ್ಗೆ ವಾಚನಾಲಯಕ್ಕೆ ಹೋಗಿ ಇದಿಷ್ಟನ್ನೂ ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ಚೂಡಾಮಣಿಯವರು ಪುಸ್ತಕಗಳ ಧೂಳು ಒರೆಸುತ್ತಿದ್ದವರು ಬಟ್ಟೆಯನ್ನು ಹಾಗೆಯೇ ಹಿಡಿದು ನಿಂತರು.

“ನೋವು ತೆಗೆಯೋದಾ?” ಎಂದರು.

“ಇರಬಹುದು.”

ಅವರು ಕೆಳಗಿನ ಗೂಡಿನಿಂದ ತೆಳ್ಳಗಿನ ಪುಸ್ತಕವೊಂದನ್ನು ಎಳೆದು ನನ್ನ ಕೈಗೆ ಕೊಟ್ಟರು. ‘ಶಮನಾ’. ಮುಟ್ಟಿ ನೋವು ಇಳಿಸುವ ನಾಯಕಿಯ ಕಥೆ. ಎರಡೇ ಸಂಚಿಕೆಗೆ ನಿಂತುಹೋಗಿತ್ತು. ಒಳಗಿನ ಚೀಟಿಯಲ್ಲಿ ಅವರದೇ ದುಂಡನೆಯ ಅಕ್ಷರ: “ನೋವು ಕಡಿಮೆ ಮಾಡುವುದು ಶಕ್ತಿಯಲ್ಲ, ಸೌಜನ್ಯ. ಹದಿನಾರು ಪುಟ ದಂಡ.”

“ಮೂವತ್ತು ವರ್ಷದಿಂದ ಇದನ್ನ ಓದಬೇಡಿ ಅಂತ ಊರಿಗೆಲ್ಲ ಹೇಳಿದೀನಿ” ಎಂದರು. ಸ್ಟೂಲಿನ ಮೇಲೆ ಕೂತರು. “ನಾನು ಹಾರ್ತೇನೆ ಅಂದುಕೊಂಡಿದ್ದೆ ರೀ. ನಾಚಿಕೆ ಬಿಟ್ಟು ಹೇಳ್ತೀನಿ. ಹಾರಿದರೆ ಯಾವ ದಾರಿ ಅಂತಲೂ ಗೊತ್ತುಮಾಡಿ ಇಟ್ಟಿದ್ದೆ. ನೀರಿನ ಟ್ಯಾಂಕು, ಟಾಕೀಸು, ಕೆರೆ. ಮೊದಲ ಸಲ ಕೆಳಗೆ ನೋಡಬಾರದು ಅಂತ ಕೂಡ ಬರೆದಿಟ್ಟಿದ್ದೆ.”

ನಾನು ‘ಶಮನಾ’ವನ್ನು ಮತ್ತೆ ಗೂಡಿಗೆ ಸೇರಿಸಿದೆ.

“ಪೇಪರಿನಲ್ಲಿ ಹಾಕ್ತೀರಾ?”

“ಇಲ್ಲ. ಸಾಕ್ಷಿ ಒಬ್ಬರೇ.”

“ನಿಮ್ಮ ಅಂದಾಜು ಏನು?”

“ಪೇಪರು ಅಂದಾಜು ಹೇಳಲ್ಲ.”

“ನಾನು ಕೇಳಿದ್ದು ಪೇಪರನ್ನಲ್ಲ” ಎಂದರು. ಅವರು ಎದ್ದು ಬಾಗಿಲಿಗೆ ಬೀಗ ಹಾಕಿದರು. “ನಡೀರಿ. ಆ ಮನುಷ್ಯನ್ನ ನಾನೇ ವಿಚಾರಿಸ್ತೀನಿ. ಬರೆದ ಕಥೆಯಲ್ಲಿ ತಪ್ಪು ಹಿಡೀಲಿಕ್ಕೆ ಬರುವವಳಿಗೆ ಹೇಳಿದ ಕಥೆಯಲ್ಲಿ ಬರಲ್ವ?”

ದೇವೇಂದ್ರಪ್ಪನವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಇವರನ್ನು ಕಂಡು ಏಳಲು ಹೋದರು. ಚೂಡಾಮಣಿಯವರು ಕೈಯಲ್ಲೇ ತಡೆದು ಎದುರಿಗೆ ಕೂತರು. ನಮಸ್ಕಾರ, ಕ್ಷೇಮಸಮಾಚಾರ ಯಾವುದೂ ಇಲ್ಲ.

“ಅವತ್ತು ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ?”

“ಅದೆಲ್ಲಿ ನೆನಪಿರ್ತದೆ ತಾಯಿ. ಲಂಗ ದಾವಣಿಯೋ ಏನೋ.”

“ಸರಿ. ನೆನಪಿದೆ ಅಂದಿದ್ದರೆ ಇಲ್ಲಿಂದಲೇ ಎದ್ದು ಹೋಗ್ತಿದ್ದೆ.” ನನ್ನತ್ತ ತಿರುಗಿ, “ಸುಳ್ಳು ಕಥೆಯಲ್ಲಿ ಮಾತ್ರ ಎಲ್ಲರಿಗೂ ಎಲ್ಲ ನೆನಪಿರ್ತದೆ” ಎಂದರು. ಮತ್ತೆ ಅವರತ್ತ ತಿರುಗಿದರು. “ಯಾವ ಪುಸ್ತಕ ಓದಿದೆ?”

“ಮಿಂಚಿನವನದ್ದು. ಡಾಕ್ಟರ್ ಒಬ್ಬ ಕೆಟ್ಟವನಿದ್ದ. ಕೊನೆಗೆ ಬಾವಿಗೆ ಬಿದ್ದ.”

“ಜಾರಿ ಬಿದ್ದ” ಎಂದು ಚೂಡಾಮಣಿಯವರು ತಿದ್ದಿದರು. “ಇರಲಿ. ಅವತ್ತಿಂದ ನನಗೊಂದು ಸಿಟ್ಟು ಇದೆ. ಓದ್ತಿದ್ದವಳು ನಾನು. ಪುಟ ತಿರುವೋಕೆ ಒಂದು ಸಲವೂ ಬಿಡಲಿಲ್ಲ ನೀವು. ಪಟ್ ಅಂತ ನೀವೇ ತಿರುವಿ ಹಾಕೋದು. ನನ್ನ ಓದು ಅಷ್ಟು ನಿಧಾನವಾಗಿತ್ತಾ?”

ದೇವೇಂದ್ರಪ್ಪನವರು ನಕ್ಕರು. “ನಿಧಾನ ಅಲ್ಲ ತಾಯಿ. ಮೊದಲನೇ ಪುಟ ನೀವೇ ತಿರುವಿದಿರಿ. ಅದಕ್ಕೆ ನನ್ನ ಕೈ ಬಿಟ್ಟಿರಿ ನೋಡಿ, ಕಾಲಿಗೆ ಗರಗಸ ಹಾಕಿದ ಹಾಗಾಯ್ತು. ಮತ್ತೆ ಹಿಡಿದಿರಿ, ನಿಂತಿತು. ಅದಕ್ಕೇ ಆಮೇಲೆ ಎಲ್ಲ ಪುಟ ನಾನೇ ತಿರುವಿದ್ದು. ಒಂದು ಕೈ ನಿಮ್ಮ ಹತ್ತಿರ, ಒಂದು ಕೈ ಪುಸ್ತಕದ ಹತ್ತಿರ. ಓದು ಬರದವನು ನಾನು. ಎಲ್ಲಿ ಪುಟ ಮುಗೀತು ಅಂತ ನಿಮ್ಮ ಬಾಯಿ ನೋಡ್ತಾ ಕೂತಿದ್ದೆ.”

ನನ್ನ ಚೀಲದಲ್ಲಿ ಆ ವರ್ಷದ ನೋಟ್ ಬುಕ್ ಇತ್ತು, ಅದರಲ್ಲಿ ಪುಟ ಮುಟ್ಟಗೊಡಲಿಲ್ಲ ಎಂಬ ಆ ಸಾಲಿತ್ತು. ಏನು ಬರೆಯುತ್ತಿದ್ದೇನೆಂದು ತಿಳಿಯದ ಇಪ್ಪತ್ನಾಲ್ಕರ ಹುಡುಗಿಯೊಬ್ಬಳು ಸಿಟ್ಟಿನಲ್ಲಿ ಅದೇ ಸಂಜೆ ಬರೆದಿಟ್ಟದ್ದು. ಅದನ್ನು ಎರಡನೇ ಸಾಕ್ಷಿ ಎನ್ನಬಹುದೇ? ನಿಯಮದ ಪ್ರಕಾರ ಇಲ್ಲ. ದಿನ ಯಾರದೋ ಅವರ ಮಾತು ಲೆಕ್ಕಕ್ಕಿಲ್ಲ. ಆದರೂ ಇಪ್ಪತ್ತಾರು ವರ್ಷಗಳಲ್ಲಿ ಅಷ್ಟು ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ನೋಟ್ ಬುಕ್ ತೆಗೆದು ಆ ಪುಟವನ್ನು ಚೂಡಾಮಣಿಯವರ ಮುಂದಿಟ್ಟೆ. ಅವರು ಓದಿದರು, ‘ಅವಸರದ ಮನುಷ್ಯ’ ಎಂಬಲ್ಲಿ ಬೆರಳಿಟ್ಟರು, ಪುಸ್ತಕ ಮುಚ್ಚಿದರು.

“ಆ ಕಾಲು ಈಗ ಹೇಗಿದೆ?” ಎಂದು ಕೇಳಿದರು.

“ಚಳಿಗಾಲ ಮಳೆಗಾಲ ಎರಡೂ ಆಗಲ್ಲ. ಈಗಲೂ ಹಿಡ್ಕೊಂಡೇ ಇದೆ.”

ಚೂಡಾಮಣಿಯವರು ಸೆರಗಿನಲ್ಲಿ ಅಂಗೈ ಒರೆಸಿಕೊಂಡು, ಅವರ ಎಡಗೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡರು. ಒಳಗಿನಿಂದ ಚಹಾ ತಂದ ಮಗಳು ಬಾಗಿಲಲ್ಲೇ ನಿಂತಳು. ನಾನು ಗಡಿಯಾರ ನೋಡಿದೆ, ಅದು ಅಭ್ಯಾಸ. ಒಂದು ನಿಮಿಷವಾಯಿತು, ಎರಡಾಯಿತು.

“ಈಗ?”

ದೇವೇಂದ್ರಪ್ಪನವರು ಸಂಕೋಚದಿಂದ ನನ್ನ ಮುಖ ನೋಡಿದರು. ನಿಜ ಹೇಳಿ ಎಂದು ತಲೆಯಾಡಿಸಿದೆ.

“ನೋಯ್ತಾ ಇದೆ ತಾಯಿ.”

“ಮೊದಲಿನಷ್ಟೇ?”

“ಮೊದಲಿನಷ್ಟೇ.”

ಚೂಡಾಮಣಿಯವರು ಉಸಿರು ಬಿಟ್ಟರು. “ಹಾಗಾದರೆ ಮುಗಿದಿದೆ” ಎಂದರು. “ಇತ್ತು, ಮುಗಿದಿದೆ.”

ಅದು ಪುರಾವೆಯಾಗುವುದಿಲ್ಲ. ಯಾರ ಕೈ ಹಿಡಿದರೂ ಆ ಕಾಲು ನೋಯುತ್ತಲೇ ಇರುತ್ತಿತ್ತು. ಈಗ ಇಲ್ಲದ್ದರಿಂದ ಅಂದು ಇತ್ತೆಂದು ಸಿದ್ಧವಾಗುವುದಿಲ್ಲ. ಇದನ್ನು ಹೇಳಲು ನಾನು ಬಾಯಿ ತೆರೆದೆ. ಚೂಡಾಮಣಿಯವರು ನನ್ನತ್ತ ನೋಡದೆಯೇ ಹೇಳಿದರು:

“ಗೊತ್ತು ರೀ ಪೇಪರಿನವರೇ. ಇದನ್ನ ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಗೀಟು ಹಾಕ್ತಿದ್ದೆ. ನೀವು ಚಹಾ ಕುಡೀರಿ.”

ನಾನು ಚಹಾ ಕುಡಿದೆ. ಅವರ ಚಹಾ ಆರುತ್ತಿತ್ತು, ಏಕೆಂದರೆ ಅವರ ಎರಡು ಕೈಗಳೂ ಖಾಲಿ ಇರಲಿಲ್ಲ. ಹಿಡಿದದ್ದರಿಂದ ಈಗ ಯಾವ ಉಪಯೋಗವೂ ಇಲ್ಲವೆಂದು ಇಬ್ಬರಿಗೂ ತಿಳಿದಿತ್ತು. ದೇವೇಂದ್ರಪ್ಪನವರೂ ಬಿಡಿಸಿಕೊಳ್ಳಲಿಲ್ಲ.

“ಸೋಮವಾರ ಬೆಳಿಗ್ಗೆ ಕೆಲಸಕ್ಕೆ ನಗರದಲ್ಲಿರಬೇಕು” ಎಂದು ಚೂಡಾಮಣಿಯವರು ಅವರಿಗೆ ಹೇಳಿದರು. “ನಾಳೆ ಬಸ್ಸು ಎಷ್ಟು ಹೊತ್ತಿಗೆ?”

“ಆರೂ ನಲವತ್ತಕ್ಕೆ ಒಂದಿದೆ, ಒಂಬತ್ತಕ್ಕೆ ಒಂದು. ಒಂಬತ್ತರದ್ದು ಬೇಡ, ದಾರಿ ಉದ್ದಕ್ಕೂ ನಿಲ್ಲಿಸ್ತಾನೆ.” ಮುದುಕರು ಸ್ವಲ್ಪ ಯೋಚಿಸಿದರು. “ಎಡಗಡೆ ಕಿಟಕಿ ಹಿಡೀರಿ. ಬಲಗಡೆ ಕೂತರೆ ಮಧ್ಯಾಹ್ನದ ತನಕ ಬಿಸಿಲು.”